ಕೂರಿಸಿದಲ್ಲಿ ಕೂರದ ಚೀಲ

ಪೇಟೆಯ ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಬೀಗದ ಕೈ ಮಾಡುವವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಮಿಕ್ಕಿದ ಜಾಗದಲ್ಲಿ ಚೀಲದಕ್ಕನ ಅಂಗಡಿ ಇತ್ತು. ಅಂಗಡಿ ಎನ್ನುವುದು ಸ್ವಲ್ಪ ದೊಡ್ಡ ಮಾತು. ಒಂದು ಹೊಲಿಗೆ ಯಂತ್ರ, ಒಂದು ಮಣೆ, ಗೋಡೆಯ ಮೊಳೆಗಳಿಗೆ ಒಂದರ ಮೇಲೊಂದು ನೇತುಬಿದ್ದ ಚೀಲಗಳು, ಅಷ್ಟೇ. ಮೆಟ್ಟಿಲಿನ ಇಳಿಜಾರು ತಲೆಗೆ ಬಡಿಯದಿರಲೆಂದು ಇಪ್ಪತ್ತೆಂಟು ವರ್ಷ ಕತ್ತು ವಾಲಿಸಿ ಕೂತು ಕೂತು, ಅವಳ ಕತ್ತು ಬಲಕ್ಕೆ ವಾಲಿಯೇ ನಿಂತುಬಿಟ್ಟಿತ್ತು. ಹಾಗಾಗಿ ಅವಳು ಯಾರನ್ನು ನೋಡಿದರೂ ಅವರ ಮಾತನ್ನು ನಂಬುತ್ತಿಲ್ಲವೇನೋ ಎನ್ನಿಸುತ್ತಿತ್ತು. ನಿಜಕ್ಕೂ ನಂಬುತ್ತಿರಲಿಲ್ಲ.

ಅವಳ ಅಪ್ಪ ವಿದ್ಯುತ್ ಕಂಬ ಹತ್ತುವವರಿಗೆ ಸಲಕರಣೆಯ ಚೀಲ ಹೊಲಿಯುತ್ತಿದ್ದ. ಕಂಬದ ತುದಿಯಲ್ಲಿ ನಿಂತವನ ಕೈ ಇಕ್ಕಳ ಹುಡುಕಿಕೊಂಡು ಎಲ್ಲಿಗೆ ಹೋಗುತ್ತದೆ ಎಂದು ಕೆಳಗೆ ನಿಂತು ನೋಡಿ, ಚೀಲದ ಬಾಯಿಯನ್ನು ಅಲ್ಲಿಗೆ ಬರುವಂತೆ ಇಡುತ್ತಿದ್ದ. ಮಗಳಿಗೂ ಅದೇ ರೂಢಿಯಾಯಿತು. ಹೊಸ ಚೀಲ ಬೇಕೆಂದು ಬಂದವರನ್ನು ಅವಳು ಮೊದಲು ಹೊರೆ ಸಮೇತ ಮೂರಂತಸ್ತು ಹತ್ತಿಸಿ ಇಳಿಸುತ್ತಿದ್ದಳು. ಏದುಸಿರು ಬಿಡುತ್ತ ಬಂದವರಿಗೆ ಒಂದು ಲೋಟ ನೀರು ಕೊಟ್ಟು, ಲೋಟ ಹಿಡಿಯಲು ಯಾವ ಕೈಯನ್ನು ಖಾಲಿ ಮಾಡಿಕೊಳ್ಳುತ್ತಾರೆ, ಹೊರೆಯನ್ನು ಎಲ್ಲಿ ಇಳಿಸುತ್ತಾರೆ ಎಂದು ನೋಡುತ್ತಿದ್ದಳು. ಟೇಪು ಕೈಗೆ ಬರುತ್ತಿದ್ದುದು ಅದಾದ ಮೇಲೆ. ಇಷ್ಟೆಲ್ಲ ಯಾಕೆ ಎಂದು ಗೊಣಗಿದವರಿಗೆ ದೊಡ್ಡ ರಸ್ತೆಯಲ್ಲಿ ಸಿದ್ಧ ಚೀಲ ಮಾರುವ ಗಾಜಿನ ಅಂಗಡಿಯ ದಾರಿ ತೋರಿಸುತ್ತಿದ್ದಳು. ಆ ಅಂಗಡಿಯ ಬಗ್ಗೆ ಅವಳಿಗಿದ್ದ ಗೌರವ ಎಷ್ಟೆಂದರೆ, ಅದರ ಮುಂದೆ ಹಾದುಹೋಗುವಾಗ ಮುಖ ತಿರುಗಿಸುವ ಶ್ರಮವನ್ನೂ ಅವಳು ತೆಗೆದುಕೊಳ್ಳುತ್ತಿರಲಿಲ್ಲ.

ಪ್ರವಾಸ ಹೋಗುವ ಜನ ಎಂದರೆ ಅವಳಿಗೆ ಒಂದು ಬಗೆಯ ಕನಿಕರ. ಅದರಲ್ಲೂ ಕ್ಯಾಮೆರಾ ಹೊತ್ತು ಹೊರಡುವವರನ್ನು ಕಂಡರೆ ಕನಿಕರವೂ ಖರ್ಚಾಗಿ ಹೋಗುತ್ತಿತ್ತು. ಒಮ್ಮೆ ಒಬ್ಬ ಯುವಕ ಹೊಳೆಯುವ ಚೀಲ ತಂದು ಪಟ್ಟಿ ಬಿಗಿ ಮಾಡಿಕೊಡಿ ಎಂದ. ಚೀಲದ ಮುಂದೆ, ಹಿಂದೆ, ಪಟ್ಟಿಯ ಮೇಲೆ, ಮೂರು ಕಡೆ ಕ್ಯಾಮೆರಾ ಕಂಪನಿಯ ಹೆಸರು ಕೆಂಪು ದಾರದಲ್ಲಿ ಮೆರೆಯುತ್ತಿತ್ತು.

“ಇಷ್ಟು ದಪ್ಪಕ್ಷರ ಯಾಕೆ ಸಾರ್, ಕಳ್ಳನಿಗೆ ಕಣ್ಣು ಮಂಜಾಗಿದ್ರೆ ಕಷ್ಟ ಆಗುತ್ತೆ ಅಂತಲಾ?” ಎಂದು ಅವಳು ಕೇಳಿದಳು.

ಯುವಕ ಇದು ಮಳೆಗೂ ಜಗ್ಗದ ಚೀಲ ಎಂದ.

“ಮಳೆ ಕದಿಯಲ್ಲ ಬಿಡಿ” ಎಂದು ಅವಳು ಪಟ್ಟಿ ಬಿಗಿ ಮಾಡಿ ಕೊಟ್ಟಳು.

ಹೀಗಿದ್ದವಳ ಮನೆತನದಲ್ಲೇ ಒಬ್ಬ ಕ್ಯಾಮೆರಾ ಹೊರುವವನಿದ್ದ. ಅವಳ ತಂಗಿಯ ಗಂಡ. ತಾಯಿ ತೀರಿಕೊಂಡಾಗ ತಂಗಿಗೆ ಆರು ವರ್ಷ. ಚೀಲದಕ್ಕ ಮದುವೆಯ ಯೋಚನೆ ಬದಿಗಿಟ್ಟು ಅವಳನ್ನು ಸಾಕಿ ಬೆಳೆಸಿ, ನೋಡಿ ನೋಡಿ ಒಬ್ಬನಿಗೆ ಕೊಟ್ಟಳು. ನೋಡಿದ್ದೇನೋ ಸರಿಯಾಗಿಯೇ ನೋಡಿದ್ದಳು, ಕೇಳುವುದೊಂದನ್ನು ಮರೆತಿದ್ದಳು. ಹುಡುಗಿ ನೋಡಲು ಬಂದ ದಿನ ಅವನು ನಾಚಿಕೊಂಡು ಸುಮ್ಮನೆ ಕೂತಿದ್ದ. ಮದುವೆಯ ಮಾರನೆಯ ದಿನ ಬಾಯಿ ತೆರೆದವನು ಹನ್ನೊಂದು ವರ್ಷವಾದರೂ ಮುಚ್ಚಿರಲಿಲ್ಲ. ಪೇಟೆಯವರು ಅವನಿಗೆ ‘ರೇಡಿಯೋ’ ಎಂದು ಹೆಸರಿಟ್ಟಿದ್ದರು. ಚೀಲದಕ್ಕನ ಪ್ರಕಾರ ಆ ಹೋಲಿಕೆ ತಪ್ಪು, ರೇಡಿಯೋಗೆ ಕಿವಿ ಹಿಂಡಲು ಒಂದು ಗುಬುಟಾದರೂ ಇರುತ್ತದೆ.

ಅವನ ಕೆಲಸ ಹಳೆಯ ಯಂತ್ರಗಳನ್ನು ಕೊಂಡು ಮಾರುವ ಒಂದು ಕಂಪನಿಯಲ್ಲಿ. ಮುಚ್ಚಿದ ಗಿರಣಿ, ನಿಂತುಹೋದ ಕಾರ್ಖಾನೆಗಳಿಗೆ ಹೋಗಿ ಅಲ್ಲಿನ ಯಂತ್ರಗಳ ಫೋಟೋ ತೆಗೆದು ತರಬೇಕು. ದೂರದ ಗಿರಾಕಿಗಳು ಆ ಫೋಟೋ ನೋಡಿಯೇ ಬೇಕು ಬೇಡ ಹೇಳುತ್ತಿದ್ದರು. ಫೋಟೋ ಚೆನ್ನಾಗಿಯೇ ತೆಗೆಯುತ್ತಿದ್ದ. ಕ್ಯಾಮೆರಾವನ್ನು ಊರಿಗೆ ವಾಪಸು ತರುವುದರಲ್ಲಿ ಮಾತ್ರ ಅವನ ಕೈ ಅಷ್ಟಾಗಿ ಪಳಗಿರಲಿಲ್ಲ. ಮೊದಲನೆಯದನ್ನು ಒಂದು ಕ್ಯಾಂಟೀನಿನ ಬೆಂಚಿನ ಮೇಲೆ ಬಿಟ್ಟುಬಂದ. ಎರಡನೆಯದು ಎರಡನೇ ಮಹಡಿಯ ಕಟಾಂಜನದ ಮೇಲಿಂದ ಕೆಳಗೆ ಬಿದ್ದು, ಅದರ ಗಾಜು ಯಾವುದು ನೆಲದ ಜಲ್ಲಿ ಯಾವುದು ಎಂದು ಆರಿಸಲಾಗದಂತಾಯಿತು.

ಒಂದು ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಅವನ ಹೆಗಲಲ್ಲಿ ಗಾಜಿನ ಅಂಗಡಿಯ ಹೊಸ ಚೀಲ, ಅದರೊಳಗೆ ಮೂರನೆಯ ಕ್ಯಾಮೆರಾ.

“ಕಂಪನಿ ಯಜಮಾನ್ರು ಹೇಳಿಬಿಟ್ಟಿದಾರೆ ಅಕ್ಕ” ಎಂದಳು ತಂಗಿ. “ಇದೂ ಹೋದ್ರೆ ಇವರೂ ಹೋದ ಹಾಗೆ ಅಂತೆ. ಮನೇನೂ ಬಿಡ್ಬೇಕಾಗುತ್ತೆ.”

ಮನೆ ಎಂದರೆ ಕಂಪನಿಯ ಗೋದಾಮಿನ ಹಿಂದಿನ ಎರಡು ಕೋಣೆ. ಕೆಲಸದ ಜೊತೆಗೆ ಬಂದದ್ದು, ಕೆಲಸದ ಜೊತೆಗೇ ಹೋಗುವಂಥದ್ದು. ನಲವತ್ತಾರು ದಾಟಿದ, ಎರಡು ಕ್ಯಾಮೆರಾ ಕಳೆದ ಹೆಸರು ಹೊತ್ತವನನ್ನು ಇನ್ನೊಬ್ಬರು ಕರೆದು ಕೂರಿಸುತ್ತಾರೆಂಬ ಭ್ರಮೆ ಚೀಲದಕ್ಕನಿಗಿರಲಿಲ್ಲ. ತಂಗಿ ಬಾಗಿಲ ಕಂಬ ಹಿಡಿದು ನಿಂತ ರೀತಿಯಲ್ಲೇ ಅವಳು ಎರಡು ರಾತ್ರಿ ನಿದ್ದೆ ಮಾಡಿಲ್ಲವೆಂದು ಗೊತ್ತಾಗುತ್ತಿತ್ತು.

“ಎಲ್ಲಾ ಚೀಲದ್ದೇ ತಪ್ಪು ಅಕ್ಕ” ಎಂದ ಅವನು. “ಹೆಗಲಲ್ಲಿ ನಿಲ್ಲಲ್ಲ, ಜಾರುತ್ತೆ. ಇದರಲ್ಲಿ ಹದಿನಾಲ್ಕು ಜೇಬಿದೆ, ಆದ್ರೂ ನೀವೊಂದು ಗಟ್ಟಿಯಾದ್ದು ಹೊಲಿದುಕೊಡಿ. ತಳಕ್ಕೆ ಒಳ್ಳೆ ದಪ್ಪ ಹಲಗೆ ಹಾಕಿ, ಇಟ್ರೆ ಅಲುಗಾಡ್ಬಾರ್ದು, ಪೆಟ್ಟಿಗೆ ಹಾಗೆ ಕೂತ್ಕೋಬೇಕು. ಒಂದ್ಸಲ ಏನಾಯ್ತು ಗೊತ್ತಾ—”

“ನಾಳಿದ್ದು ರಜೆ. ನೀವು ಕೆಲಸಕ್ಕೆ ಹೋಗ್ತೀರಾ?” ಎಂದು ಅವಳು ನಡುವೆ ಬಾಯಿ ಹಾಕಿದಳು.

“ಹೋಗ್ಬೇಕು. ಹತ್ತಿರದಲ್ಲೇ ಒಂದು ಗಿರಣಿ.”

“ನಾನೂ ಬರ್ತೀನಿ. ನೋಡದೆ ನಾನು ಬಟ್ಟೆಗೆ ಕತ್ತರಿ ಹಾಕಲ್ಲ.”

ಅವನಿಗೆ ಬಹಳ ಸಂತೋಷವಾಯಿತು. ದಾರಿಯುದ್ದಕ್ಕೂ ಕೇಳುವವರೊಬ್ಬರು ಸಿಕ್ಕಿದರಲ್ಲ.

ಅಳತೆಯ ಹೊತ್ತಿನಲ್ಲಿ ಅವಳು ಬಾಯಿ ಬಿಡುತ್ತಿರಲಿಲ್ಲ. ಬುದ್ಧಿ ಹೇಳಿಸಿಕೊಂಡವನು ಅರ್ಧ ಗಂಟೆ ಬೇರೆಯವನಾಗುತ್ತಾನೆ, ಆ ಬೇರೆಯವನಿಗೆ ಚೀಲ ಹೊಲಿದು ಏನು ಪ್ರಯೋಜನ? ರಜೆಯ ದಿನ ಅವಳು ಒಂದು ಮಾರು ದಾರ ಬೆರಳಿಗೆ ಸುತ್ತಿಕೊಂಡು ಬಸ್ಸಿನಲ್ಲಿ ಅವನ ಪಕ್ಕದ ಸೀಟಿನಲ್ಲಿ ಕೂತಳು. ಅವನು ಕ್ಯಾಮೆರಾ ಕೆಳಗಿಟ್ಟಾಗಲೆಲ್ಲ ದಾರಕ್ಕೆ ಒಂದು ಗಂಟು.

ಬಸ್ಸು ಹೊರಡುವ ಮೊದಲೇ ಅವನು ಮುಂದಿನ ಸೀಟಿನವರೊಡನೆ ಮಾತಿಗಿಳಿದು ಚೀಲವನ್ನು ತಲೆಯ ಮೇಲಿನ ಅಟ್ಟಕ್ಕೆ ಎಸೆದ. ರಸ್ತೆಯ ಪ್ರತಿ ಹಳ್ಳಕ್ಕೂ ಅದು ಒಂದು ಗೇಣು ಹಾರಿ ಬೀಳುತ್ತಿತ್ತು. ಸುಮ್ಮನಿರಲು ಅವಳು ತುಟಿ ಕಚ್ಚಿಕೊಳ್ಳಬೇಕಾಯಿತು. ನಡುವೆ ಅದನ್ನು ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡ. ಅಷ್ಟರಲ್ಲಿ ಕಂಡಕ್ಟರ್ ಬಂದ. ಕಂಡಕ್ಟರನಿಗೆ ಅವನು ಕ್ರೇನಿನ ಕಥೆ ಹೇಳತೊಡಗಿದ. ಯಾವುದೋ ಕಾರ್ಖಾನೆಯಲ್ಲಿ ಕ್ರೇನಿನವನು ಒಂದು ಭಾರೀ ಯಂತ್ರವನ್ನು ಲಾರಿಯ ಮೇಲೆ ಇಳಿಸುವ ಬದಲು ಮಾಲೀಕರ ಕಾರಿನ ಮೇಲೆ ಇಳಿಸಿದ ಕಥೆ ಅದು. ಇದನ್ನು ಹೇಳಲು ಎರಡೂ ಕೈ ಬೇಕು. ಬಲಗೈ ಕ್ರೇನು, ಎಡಗೈ ಕಾರು. ಕ್ರೇನು ಮೇಲೇಳುವ ಹೊತ್ತಿಗೆ ಚೀಲ ತೊಡೆಯಿಂದ ಕಾಲ ಬಳಿಗೆ ಇಳಿಯಿತು. ಹಿಂದಿನ ಸೀಟಿನವರ ಚಪ್ಪಲಿ ಅದಕ್ಕೆ ತಾಗಿತು.

ಇಳಿದ ಮೇಲೆ ಚಹಾ ಅಂಗಡಿ. ಇಲ್ಲಿ ಅವಳಿಗೆ ಆಶ್ಚರ್ಯವಾಯಿತು. ಚಹಾ ಕುಡಿಯುವಾಗ ಅವನು ಚೀಲವನ್ನು ಬಿಡಲೇ ಇಲ್ಲ. ಬಿಸಿ ಲೋಟ ಒಂದು ಕೈಯಲ್ಲಿ, ಚೀಲ ಇನ್ನೊಂದು ಕೈಯಲ್ಲಿ. ಬಿಸ್ಕತ್ತನ್ನು ಕೂಡ ಒಂದೇ ಕೈಯಲ್ಲಿ ನಿಭಾಯಿಸಿದ. ಚಹಾದವನು “ಏನ್ ಸಾರ್ ಸಮಾಚಾರ” ಎಂದದ್ದೇ ತಡ, ಚೀಲ ಹೋಗಿ ಹಾಲಿನ ಕ್ಯಾನಿನ ಮುಚ್ಚಳದ ಮೇಲೆ ಕೂತಿತು, ಕ್ರೇನು ಮೇಲೆದ್ದಿತು. ಕಂಡಕ್ಟರನಿಗೆ ಹೇಳಿದಾಗ ಚಿಕ್ಕದಿದ್ದ ಕಾರು ಇಲ್ಲಿ ಎರಡರಷ್ಟಾಗಿತ್ತು. ಅವಳು ಮತ್ತೊಂದು ಗಂಟು ಹಾಕಿ, ಹಾಕಿದ ಗಂಟುಗಳನ್ನೆಲ್ಲ ಒಮ್ಮೆ ಬೆರಳಲ್ಲಿ ಸವರಿದಳು. ಹಸಿವಿಗೆ ಒಂದೂ ಇಲ್ಲ, ದಣಿವಿಗೆ ಒಂದೂ ಇಲ್ಲ, ಹೆಗಲು ಜಾರಿದ್ದಕ್ಕೆ ಒಂದೂ ಇಲ್ಲ. ಎಲ್ಲವೂ ಮಾತಿಗೆ ಬಿದ್ದ ಗಂಟುಗಳು. ಎಲ್ಲಿ ಚಪ್ಪಟೆ ಜಾಗ, ಪಕ್ಕದಲ್ಲೊಂದು ಕಿವಿ ಎರಡೂ ಸಿಕ್ಕಿದವೋ, ಅಲ್ಲಿ ಕ್ಯಾಮೆರಾ ಕೆಳಗೆ. ಇಂಥವನು ತಳಕ್ಕೆ ದಪ್ಪ ಹಲಗೆ ಕೇಳುತ್ತಾನೆ!

ಗಿರಣಿಯ ಗೇಟಿನಲ್ಲಿ ಕಾವಲುಗಾರನಿದ್ದ. ಒಂಟಿಯಾಗಿ ದಿನ ಕಳೆಯುವವನು, ಕಥೆ ಎಂದರೆ ಕೈ ಚಾಚುವವನು. ಚೀಲ ಸಿಮೆಂಟಿನ ಕಟ್ಟೆಯ ಮೇಲೆ ಕೂತಿತು. ಕಾರು ಈಗ ಬಸ್ಸಿನಷ್ಟಾಗಿತ್ತು. ಕಥೆ ಮುಗಿಯುವ ಮೊದಲೇ ಕಾವಲುಗಾರ ಬೀಗ ತೆಗೆಯಲು ನಡೆದ, ಹೇಳುವವನು ಕೈ ಆಡಿಸುತ್ತ ಅವನ ಹಿಂದೆ ನಡೆದ, ಕ್ಯಾಮೆರಾ ಕಟ್ಟೆಯ ಮೇಲೆ ಉಳಿಯಿತು. ರಸ್ತೆಯಲ್ಲಿ ಹೋಗುವ ಯಾರಾದರೂ ಬಗ್ಗದೆಯೇ ಎತ್ತಿಕೊಂಡು ಹೋಗಬಹುದಿತ್ತು. ಚೀಲದಕ್ಕ ಅದನ್ನು ಎತ್ತಿ ತನ್ನ ಕೈಚೀಲದೊಳಗೆ ಬಟ್ಟೆಯ ತುಂಡುಗಳ ಕೆಳಗೆ ಸೇರಿಸಿ ಒಳಗೆ ಹೋದಳು.

ಒಳಗೆ ಧೂಳು ಹಿಡಿದ ಯಂತ್ರಗಳು ಸಾಲಾಗಿ ನಿಂತಿದ್ದವು. ಅವನು ಒಂದರ ಮುಂದೆ ನಿಂತು, ತಲೆ ಓರೆ ಮಾಡಿ ಬೆಳಕು ನೋಡಿ, ಹೆಗಲಿಗೆ ಕೈ ಹಾಕಿದ. ಹೆಗಲಲ್ಲಿ ಹೆಗಲೇ ಇತ್ತು. ಇನ್ನೊಂದು ಹೆಗಲು ಮುಟ್ಟಿಕೊಂಡ. ಬೆನ್ನು ಮುಟ್ಟಿಕೊಂಡ. ಆಮೇಲೆ ಮಾತಿಲ್ಲದೆ ಗೇಟಿನ ಕಡೆಗೆ ಓಡಿದ. ಅವನು ಮರಳಿ ಬಂದಾಗ ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಒಂದು ಯಂತ್ರದ ಅಂಚು ಹಿಡಿದು ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತ.

“ಅಕ್ಕ, ಅವಳಿಗೆ ಹೇಳ್ಬೇಡಿ” ಎಂದ. ಅಂಗೈಗೆ ಹತ್ತಿದ ಧೂಳು ನೋಡುತ್ತ, “ಆ ಮನೆ ಗೋಡೆಗೆ ಮೊನ್ನೆ ತಾನೇ ಮೊಳೆ ಹೊಡೆದು ಕನ್ನಡಿ ಹಾಕಿದಾಳೆ” ಎಂದ.

ಹನ್ನೊಂದು ವರ್ಷದಿಂದ ಅವಳು ಅವನ ಬಾಯಿ ಮುಚ್ಚಿದ್ದನ್ನು ನೋಡಬೇಕೆಂದಿದ್ದಳು. ಈಗ ನೋಡಿದಳು. ಅಂದುಕೊಂಡಷ್ಟು ಚೆನ್ನಾಗಿರಲಿಲ್ಲ. ಕೈಚೀಲದಿಂದ ಕ್ಯಾಮೆರಾ ತೆಗೆದು ಅವನ ಮುಂದೆ ಹಿಡಿದಳು.

ಅವನಿಗೆ ಮೊದಲು ಜೀವ ಬಂತು, ಹಿಂದೆಯೇ ಸಿಟ್ಟು ಬಂತು. “ಇದೆಂಥ ತಮಾಷೆ?”

“ತಮಾಷೆ ಅಲ್ಲ, ಅಳತೆ” ಎಂದಳು. “ಈಗ ಮುಗೀತು. ಫೋಟೋ ತೆಗೀರಿ, ಬೆಳಕು ಹೋಗುತ್ತೆ.”

ಒಂದು ವಾರ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಲಾರಿಗೆ ಹೊದಿಸುವ ಹಳೆಯ ತಾಡಪಾಲು ತಂದು, ಅದರ ಗಟ್ಟಿ ಉಳಿದ ಭಾಗ ಕತ್ತರಿಸಿದಳು. ಬಣ್ಣ ರಸ್ತೆಯ ಧೂಳಿನದೇ. ಯಾರ ಕಣ್ಣಿಗೂ ಬೇಕು ಎನ್ನಿಸದ ಬಣ್ಣ. ಒಳಗೆ ಸವೆದ ಕಂಬಳಿಯ ಮೂರು ಪದರ. ಪಟ್ಟಿಗೆ ಕೊಂಡಿಯಿಲ್ಲ, ಅಂಗಿ ಹಾಕಿಕೊಳ್ಳುವಂತೆ ತಲೆಯಿಂದ ಇಳಿಸಿಕೊಂಡು ಎದೆಗೆ ಅಡ್ಡ ಹಾಕಿಕೊಳ್ಳಬೇಕು. ಬಾಯಿ ಪಕ್ಕೆಲುಬಿನ ಕಡೆಗೆ, ಅವನ ಬಲಗೈಗೆ ಮಾತ್ರ ಸಿಗುವಂತೆ. ಬೇರೆಯವರ ಕೈ ಬರಬೇಕಾದರೆ ಅವನನ್ನು ತಬ್ಬಿಕೊಂಡೇ ಬರಬೇಕು, ಅಂಥ ಆಸೆ ಯಾರಿಗೂ ಬರಲಾರದು ಎಂದು ಅವಳ ಎಣಿಕೆ. ತೆಗೆದ ಫೋಟೋಗಳಿರುವ ಕಾರ್ಡು ಇಡಲು ಹೆಬ್ಬೆರಳಷ್ಟು ಒಂದು ಸಂಚಿ ಬೇರೆ ಹೊಲಿದಳು, ಅಂಗಿಯ ಜೇಬಿಗೆ. ಕ್ಯಾಮೆರಾ ಹೋದರೂ ದಿನದ ದುಡಿಮೆ ಉಳಿಯಲಿ ಎಂದು.

ತಳ ಮಾತ್ರ ಇರಲಿಲ್ಲ. ಎಂಟು ಎಸಳು ಕತ್ತರಿಸಿ ಜೋಡಿಸಿ, ಚೀಲದ ಬುಡವನ್ನು ಕುಂಬಳಕಾಯಿಯಂತೆ ಗುಂಡಗೆ ಮಾಡಿದ್ದಳು. ಪರೀಕ್ಷೆಗೆಂದು ಒಳಗೆ ಒಂದು ಗಾಜಿನ ಬಲ್ಬು ಇಟ್ಟು ಮೂರನೇ ಮಹಡಿಯಿಂದ ಮೆಟ್ಟಿಲುಗಳ ಮೇಲೆ ಉರುಳಿಬಿಟ್ಟಳು. ಕೆಳಗೆ ಬೀಗದ ಕೈಯವನು ಬಲ್ಬನ್ನು ತೆಗೆದು ತನ್ನ ಅಂಗಡಿಯಲ್ಲಿ ಹಾಕಿ ಹೊತ್ತಿಸಿ ನೋಡಿದ. ಉರಿಯಿತು. ಉರಿಯಿತಲ್ಲ ಎಂದು ಅವನು ಅದನ್ನು ಅಲ್ಲೇ ಇಟ್ಟುಕೊಂಡ.

ತಂಗಿಯ ಗಂಡ ಬಂದು ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದ. ಮಣೆಯ ಮೇಲಿಟ್ಟ. ಅದು ಉರುಳಿ ಅವನ ಕಾಲ ಮೇಲೆ ಬಿತ್ತು. ಎತ್ತಿ ಇಟ್ಟ, ಮತ್ತೆ ಬಿತ್ತು.

“ಇದು ನಿಲ್ಲಲ್ವಲ್ಲ ಅಕ್ಕ.”

“ನಿಲ್ಲಲ್ಲ.”

“ನಿಲ್ಲದ ಚೀಲ ತಗೊಂಡು ಏನ್ ಮಾಡ್ಲಿ?”

“ಹೊತ್ಕೊಂಡಿರಿ. ಅದಕ್ಕೇ ಹೊಲಿದಿರೋದು.”

“ಆಫೀಸಲ್ಲಿ ನಗ್ತಾರೆ. ಹೊಟ್ಟೆ ಪಕ್ಕಕ್ಕೆ ಇನ್ನೊಂದು ಹೊಟ್ಟೆ ಬಂದ ಹಾಗಿದೆ.”

“ನಗೋರು ಕ್ಯಾಮೆರಾ ಕದಿಯಲ್ಲ. ನಗ್ಲಿ.”

ಅವನು ಹಾಕಿಕೊಂಡು ಹೋದ, ಹೊಸ ಸಮವಸ್ತ್ರ ಬಿಗಿಯಾದ ಶಾಲೆಯ ಮಕ್ಕಳ ಹಾಗೆ ಮುಖ ಮಾಡಿಕೊಂಡು.

ನಾಲ್ಕು ದಿನದ ಮೇಲೆ ಎದುರು ಸಾಲಿನ ಚಪ್ಪಲಿ ರಿಪೇರಿಯವನು ದಾರದುಂಡೆ ಕೇಳಿಕೊಂಡು ಬಂದ. ದಾರ ಕೊಟ್ಟರೂ ಅವನು ಹೋಗಲಿಲ್ಲ.

“ನಿಮ್ಮ ತಂಗಿ ಗಂಡ ಬಂದಿದ್ರು” ಎಂದ.

“ಚಪ್ಪಲಿ ಕಿತ್ತೋಯ್ತಾ?”

“ಇಲ್ಲ. ಆ ಚೀಲಕ್ಕೆ ಒಳಗಿಂದ ಹಲಗೆ ಕೂರಿಸಿ, ಕೆಳಗೆ ನಾಲ್ಕು ಹಿತ್ತಾಳೆ ಗುಂಡಿ ಹೊಡೆಸ್ಕೊಂಡು ಹೋದ್ರು. ಕಾಲಿಗೆ.”

“ನಾನು ಹೊಲಿದ ಚೀಲ ಅಂತ ಗೊತ್ತಾಗ್ಲಿಲ್ವಾ ನಿಂಗೆ?”

“ಗೊತ್ತಾಯ್ತು. ಹೊಲಿಗೆ ಬಿಚ್ಚೋಕೆ ಜೀವ ಹೋಯ್ತು” ಎಂದ ಅವನು ಮೆಚ್ಚಿಗೆಯಿಂದ. “ಕೆಲಸ ಚೆನ್ನಾಗಿ ಆಗಿದೆ ಅಕ್ಕ, ಬೇಕಾದ್ರೆ ನೋಡಿ. ಬಂಡೆ ಹಾಗೆ ಕೂರುತ್ತೆ.”

ಅವಳು ಅವನನ್ನು ಬೈಯಲಿಲ್ಲ. ಗಿರಾಕಿ ಕೇಳಿದ್ದನ್ನು ಮಾಡಿಕೊಡುವುದು ಅವನ ಕಸುಬು, ಗಿರಾಕಿ ಕೇಳಿದ್ದನ್ನು ಕೇಳದಿರುವುದು ಅವಳ ಕಸುಬು. ಆದರೆ ಮಾರನೆಯ ಬೆಳಗ್ಗೆಯೇ ತನ್ನ ಗಂಡ ಮೂರು ದಿನದ ಕೆಲಸಕ್ಕೆ ಹೊರಡುತ್ತಾನೆಂದು ತಂಗಿ ಹೇಳಿದ್ದಳು. ದೊಡ್ಡ ಗಿರಣಿ, ಇನ್ನೂರು ಯಂತ್ರ, ಮೂವರು ಕಾವಲುಗಾರರು. ಮೂವರು ಎಂದರೆ ಆರು ಕಿವಿ. ಆರು ಕಿವಿ, ಒಂದು ಬಂಡೆಯಂಥ ಚೀಲ, ಕಂಡಲ್ಲೆಲ್ಲ ಕಟ್ಟೆ. ಅವಳು ಅಂಗಡಿಯ ಬಾಗಿಲು ಹಾಕುವಾಗ ಹೊಲಿಗೆ ಬಿಚ್ಚುವ ಸಣ್ಣ ಚಾಕನ್ನೂ ಸೂಜಿದಾರವನ್ನೂ ಕೈಚೀಲಕ್ಕೆ ಹಾಕಿಕೊಂಡಳು.

ಬೆಳಗ್ಗೆ ಬಸ್ ನಿಲ್ದಾಣಕ್ಕೆ ಬಂದಾಗ ಅವಳು ಮೊದಲು ಕಂಡದ್ದು ಚೀಲವನ್ನೇ. ಟಿಕೆಟ್ ಕಿಟಕಿಯ ಪಕ್ಕದ ಚಾಚುಗಲ್ಲಿನ ಮೇಲೆ, ನಾಲ್ಕು ಹಿತ್ತಾಳೆ ಕಾಲೂರಿ, ತನ್ನ ಹೊಸ ಅಂತಸ್ತಿನಲ್ಲಿ ತುಂಬ ತೃಪ್ತವಾಗಿ ಅದು ಕೂತಿತ್ತು. ಅದರ ಒಡೆಯ ಅದಕ್ಕೆ ಬೆನ್ನು ಹಾಕಿ, ಸಾಲಿನಲ್ಲಿ ನಿಂತ ಒಬ್ಬ ಮುದುಕರಿಗೆ ಕ್ರೇನನ್ನು ಮೇಲೆತ್ತಿ ತೋರಿಸುತ್ತಿದ್ದ. ತಂಗಿ ಬುತ್ತಿಯ ಪೊಟ್ಟಣ ಹಿಡಿದು, ಬಸ್ಸು ಬರುವ ದಿಕ್ಕು ನೋಡುತ್ತ ದೂರದಲ್ಲಿ ನಿಂತಿದ್ದಳು.

ಚೀಲದಕ್ಕ ಅದನ್ನೆತ್ತಿಕೊಂಡು ಬೆಂಚಿನ ಮೇಲೆ ಕೂತು, ಕ್ಯಾಮೆರಾವನ್ನು ಹೊರತೆಗೆದು ತನ್ನ ಮಡಿಲಲ್ಲಿಟ್ಟುಕೊಂಡು, ಬುಡಕ್ಕೆ ಚಾಕು ಹಾಕಿದಳು. ನಾಲ್ಕನೆಯ ಗುಂಡಿ ನೆಲಕ್ಕೆ ಬಿದ್ದು ಟಣ್ ಎಂದಾಗ ಅವನು ತಿರುಗಿದ.

“ಏನ್ ಮಾಡ್ತಿದೀರಾ ಅಕ್ಕ?”

“ಕಾಲು ಮುರೀತಿದೀನಿ. ನಿಮ್ದಲ್ಲ, ಹೆದರ್ಬೇಡಿ.”

“ಬಸ್ಸಿನ ಹೊತ್ತಾಯ್ತು. ಅದು ನನ್ನ ಚೀಲ. ನನಗೆ ಹೇಗೆ ಬೇಕೋ ಹಾಗೆ ಮಾಡಿಸ್ಕೊಂಡಿದೀನಿ. ಅಷ್ಟೂ ಸ್ವಾತಂತ್ರ್ಯ ಇಲ್ವಾ ಮನುಷ್ಯನಿಗೆ?”

“ಅಕ್ಕ, ಜನ ನೋಡ್ತಿದಾರೆ” ಎಂದು ತಂಗಿ ಓಡಿಬಂದಳು. “ಹೊರಡೋ ಹೊತ್ತಲ್ಲಿ ಇದೇನು?”

ಚೀಲದಕ್ಕ ಹಲಗೆಯನ್ನು ಎಳೆದು ಬೆಂಚಿನ ಕೆಳಗೆ ಹಾಕಿದಳು. ವಾಲಿದ ಕತ್ತಿನಿಂದಲೇ ಅವನನ್ನು ನೋಡಿದಳು.

“ಆವತ್ತು ಗಿರಣೀಲಿ ನೀವು ಕೂತ್ರಲ್ಲ, ಆ ಮುಖ ನಾನು ನೋಡಿದೀನಿ. ಇವಳಿಗೆ ಅದರ ಸುದ್ದಿ ಹೇಳಿಲ್ಲ. ಹೇಳ್ಲಾ? ಇಲ್ಲ ನೀವು ನಿಮ್ಮ ಸ್ವಾತಂತ್ರ್ಯ ಜೇಬಲ್ಲಿ ಇಟ್ಕೊಂಡು ಈ ಚೀಲ ಕೊರಳಿಗೆ ಹಾಕ್ಕೋತೀರಾ?”

“ಯಾವ ಮುಖ? ಏನಾಯ್ತು ಗಿರಣೀಲಿ?” ಎಂದಳು ತಂಗಿ.

ಅವನು ಹೆಂಡತಿಯ ಕಡೆ ನೋಡಿದ. ಅವಳ ಕೈಯಲ್ಲಿದ್ದ ಬುತ್ತಿಯ ಪೊಟ್ಟಣ, ಮುಂಜಾನೆ ಎದ್ದು ಕಟ್ಟಿದ್ದು, ಇನ್ನೂ ಬಿಸಿಯಿತ್ತು.

“ಏನಿಲ್ಲ ಕಣೆ” ಎಂದ. “ಧೂಳಿಗೆ ಸ್ವಲ್ಪ ತಲೆ ಸುತ್ತು ಬಂದಿತ್ತು. ಬೇಗ ಹೊಲೀರಿ ಅಕ್ಕ.”

ಹೆಂಡತಿ ಕೇಳಿದ್ದಕ್ಕೆ ಅಷ್ಟು ಚಿಕ್ಕ ಉತ್ತರ ಅವನ ಬಾಯಿಂದ ಬಂದದ್ದು ಅದೇ ಮೊದಲು. ಬಸ್ಸು ಬಂದು ನಿಂತು ಜನ ಹತ್ತುವಷ್ಟರಲ್ಲಿ ಅವಳು ಎಂಟೆಸಳನ್ನೂ ಜೋಡುದಾರದಲ್ಲಿ ಕೂಡಿಸಿ, ಕ್ಯಾಮೆರಾ ಒಳಗಿಟ್ಟು, ಪಟ್ಟಿಯನ್ನು ತಾನೇ ಅವನ ತಲೆಯಿಂದ ಇಳಿಸಿದಳು. ಅವನು ಮೆಟ್ಟಿಲು ಹತ್ತುವಾಗ ಚೀಲ ಬಾಗಿಲಿಗೆ ಬಡಿಯಿತು. ಕಂಡಕ್ಟರ್ ಏನೋ ಅಂದು ನಕ್ಕ. ಅವನು ಚೀಲ ಒತ್ತಿ ಹಿಡಿದುಕೊಂಡು ಒಳಗೆ ನಡೆದ.

ಆ ಮೂರು ದಿನ ಚೀಲದಕ್ಕ ಎಂದಿನಂತೆಯೇ ಇದ್ದಳು. ಕ್ಯಾಮೆರಾ ತಂದವರನ್ನು ಎಂದಿನಂತೆಯೇ ಆಡಿಕೊಂಡಳು. ಎರಡನೆಯ ದಿನ ಒಬ್ಬ ಮೇಷ್ಟ್ರ ಚೀಲಕ್ಕೆ ಜೇಬನ್ನು ತಲೆಕೆಳಗಾಗಿ ಹೊಲಿದಳು, ಅಷ್ಟೇ. ಬೀಗದ ಕೈಯವನು ಅದನ್ನು ನೋಡಿ ಏನೋ ಹೇಳಲು ಬಾಯಿ ತೆರೆದು, ಅವಳ ಕೈಯಲ್ಲಿ ಕತ್ತರಿ ಇದ್ದುದನ್ನು ನೋಡಿ ಮುಚ್ಚಿಕೊಂಡ. ಗೋದಾಮಿನ ಹಿಂದಿನ ಆ ಎರಡು ಕೋಣೆಗಳ ಸಾಮಾನು ತನ್ನ ಒಂದು ಕೋಣೆಯಲ್ಲಿ ಹಿಡಿಸಬಹುದೇ ಎಂದು ಅವಳು ಮನಸ್ಸಿನಲ್ಲೇ ಅಳೆದು ನೋಡಿದ್ದಳು. ಮಂಚ ಹಿಡಿಸುತ್ತಿರಲಿಲ್ಲ. ಅವನ ಬಾಯಿಯಂತೂ ಖಂಡಿತ ಹಿಡಿಸುತ್ತಿರಲಿಲ್ಲ.

ನಾಲ್ಕನೆಯ ದಿನ ತಂಗಿ ಬಂದಳು. ದೂರದಿಂದಲೇ ಅವಳ ನಡಿಗೆ ನೋಡಿ ಚೀಲದಕ್ಕ ಯಂತ್ರದ ಮೇಲಿನ ಬಟ್ಟೆ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದಳು. ಸಂತೋಷವಾದಾಗ ಮುಖ ತೋರಿಸುವ ಅಭ್ಯಾಸ ಅವಳಿಗಿರಲಿಲ್ಲ.

“ಬಂತು ಅಕ್ಕ, ಕ್ಯಾಮೆರಾ” ಎಂದು ತಂಗಿ ಮಣೆಯ ಮೇಲೆ ಕೂತಳು. “ಇನ್ನೂರಕ್ಕೆ ಇನ್ನೂರೂ ಫೋಟೋ ಬಂದಿದೆ. ಯಜಮಾನ್ರು ನೋಡಿ ತಲೆ ಆಡಿಸಿದ್ರಂತೆ. ಸೋರೋ ಮೂಲೆಗೆ ಹೆಂಚು ಬದಲಾಯಿಸ್ಕೊಡ್ತೀನಿ ಅಂತ ಅವರೇ ಅಂದ್ರಂತೆ.”

ಹೊರಗೆ ಹಾಕಬೇಕೆಂದಿರುವವರ ಮನೆಯ ಸೂರನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ. ಚೀಲದಕ್ಕ ಒಂದು ಉಸಿರು ಬಿಟ್ಟಳು.

“ಅಲ್ಲಿ ಏನಾಯ್ತಂತೆ?”

“ಮೊದಲ್ನೇ ದಿನ ಕಾವಲಿನವರ ಹತ್ತಿರ ಕೂತಾಗ ಚೀಲ ತೆಗೆದು ಮೇಜಿನ ಮೇಲಿಟ್ರಂತೆ, ತೊಡೆಗೆ ಉರುಳ್ತು. ಬೆಂಚಿನ ಮೇಲಿಟ್ರಂತೆ, ಕಾಲಿಗೆ ಉರುಳ್ತು. ಕಿಟಕೀಲಿ ಇಟ್ರೆ ತಲೆಗೇ ಬಿತ್ತಂತೆ. ಕಾವಲಿನವರು ಬಿದ್ದು ಬಿದ್ದು ನಕ್ರಂತೆ. ಆಮೇಲೆ ಸಾಕಪ್ಪ ಅಂತ ಕೊರಳಿಗೆ ಹಾಕ್ಕೊಂಡೋರು, ಊಟಕ್ಕೂ ತೆಗೀಲಿಲ್ಲ. ನಿನ್ನೆ ಮನೆಗೆ ಬಂದ ಮೇಲೂ ಅರ್ಧ ಗಂಟೆ ಹಾಕ್ಕೊಂಡೇ ಮಾತಾಡ್ತಿದ್ರು.”

“ಮಾತು ಕಮ್ಮಿ ಆಗಿಲ್ಲ ಅನ್ನು.”

“ಎಲ್ಲಿಂದ ಆಗುತ್ತೆ?” ತಂಗಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕುತ್ತಿಗೆಯ ಸರದ ಮಣಿ ತಿರುಗಿಸುತ್ತ, “ಇನ್ನೊಂದಿದೆ. ನೀನು ಬೇಜಾರು ಮಾಡ್ಕೋಬಾರ್ದು” ಎಂದಳು.

“ಹೇಳು.”

“ಯಜಮಾನ್ರು ಆ ಚೀಲ ನೋಡಿ, ಯಾರು ಮಾಡಿದ್ದು ಅಂತ ಕೇಳಿದ್ರಂತೆ. ಇವರು, ನಂದೇ ಯೋಚನೆ ಸಾರ್, ತಳ ಇರ್ಬಾರ್ದು ಅಂತ ನಾನೇ ಹೇಳಿ ಹೊಲಿಸಿದ್ದು ಅಂದ್ಬಿಟ್ಟಿದಾರೆ. ಈಗ ಗೋದಾಮಿನವರಿಗೆಲ್ಲ ಅದೇ ಕಥೆ. ಪಕ್ಕದ ಮನೆಗೂ ಗೊತ್ತಾಗಿದೆ. ಬೆಳಗ್ಗೆ ಹಾಲಿನವನನ್ನ ನಿಲ್ಲಿಸಿ, ಗುಂಡಗಿನ ತಳದಿಂದ ಏನು ಉಪಯೋಗ ಅಂತ ಕೈ ತಿರುಗಿಸಿ ತಿರುಗಿಸಿ ಹೇಳ್ತಿದ್ರು. ನಂಗೆ ನಾಚಿಕೆ ಆಗಿ ಒಳಗೆ ಹೋದೆ. ನಾನು ಒಂದು ಮಾತು ಹೇಳ್ಲಾ ಯಜಮಾನ್ರಿಗೆ, ಇದು ಅಕ್ಕಂದು ಅಂತ?”

ಚೀಲದಕ್ಕ ಯಂತ್ರದ ಚಕ್ರದ ಮೇಲೆ ಕೈಯಿಟ್ಟಳು. ತನ್ನ ಕೆಲಸವನ್ನು ಇನ್ನೊಬ್ಬ ತನ್ನದೆಂದರೆ ಯಾವ ಕಸುಬಿನವರಿಗೂ ಉರಿಯುತ್ತದೆ. ಅವಳಿಗೂ ಒಂದು ಕ್ಷಣ ಉರಿಯಿತು. ಆಮೇಲೆ ಅವಳು ಈ ವ್ಯಾಪಾರವನ್ನು ಎರಡೂ ಕಡೆಯಿಂದ ತಿರುಗಿಸಿ ನೋಡಿದಳು. ಕತ್ತು ಇನ್ನೂ ಸ್ವಲ್ಪ ವಾಲಿತು.

“ಹಾಲಿನವನಿಗೂ ಹೇಳಿದ್ರಾ?”

“ಹೂಂ.”

“ಪೇಪರಿನವನಿಗೆ?”

“ಇನ್ನೂ ಇಲ್ಲ ಅನ್ಸುತ್ತೆ.”

“ಅವನಿಗೂ ಹೇಳೋಕೆ ಹೇಳು. ಎದುರಿನ ಚಪ್ಪಲಿಯವನಿಗೆ ಮೊದಲು ಹೇಳೋಕೆ ಹೇಳು.” ಅವಳು ಚಕ್ರ ತಿರುಗಿಸಿದಳು. “ಗುಂಡಗಿನ ತಳ ನಂದು ಅಂತ ಇಷ್ಟು ಜನಕ್ಕೆ ಹೇಳ್ಕೊಂಡೋರು, ಇನ್ನು ಯಾವ ಮುಖ ಹೊತ್ಕೊಂಡು ಹೋಗಿ ಅದಕ್ಕೆ ಕಾಲು ಹೊಡೆಸ್ಕೋತಾರೆ?”